ಪುಟ್ಟ ಯಂತ್ರಕ್ಕೆ ತಕ್ಕ ಟ್ರಾನ್ಸ್‌ಫಾರ್ಮರು

ಸಂತೆಕಟ್ಟೆಯ ವಿದ್ಯಾರ್ಥಿಯೊಬ್ಬನು ಹಲಸಿನ ಹಲಗೆಯ ಮೇಲೆ ಅಕ್ಷರ ಕೊರೆಯುವ ಸಣ್ಣ ಯಂತ್ರವನ್ನು ಮನೆಯಲ್ಲಿಯೇ ಕಟ್ಟುತ್ತಿರುವನೆಂದು ಭಾವಿಸೋಣ. ಮೊನೆಯನ್ನು ಮೂರು ದಿಕ್ಕಿಗೆ ನಡೆಸಲು ಮೂರು ಸ್ಟೆಪರ್ ಮೋಟಾರುಗಳು; ಒಂದೊಂದರ ಸುರುಳಿಗೆ 2 ಆಂಪಿಯರ್. ಅವುಗಳಿಗೆ ಪ್ರವಾಹವನ್ನು ಅಳೆದು ಕೊಡುವ ಡ್ರೈವರುಗಳು 40 ವೋಲ್ಟಿಗಿಂತ ಹೆಚ್ಚನ್ನು ತಾಳಲಾರವು. ಮನೆಯ 230 ವೋಲ್ಟನ್ನು ಇಳಿಸಲು ಎಂತಹ ಟ್ರಾನ್ಸ್‌ಫಾರ್ಮರು ಬೇಕು?

36 ವೋಲ್ಟಿನದು ಸಾಕೆಂದು ತೋರುವುದು ಸಹಜ. ಆದರೆ ಅದನ್ನು ಜೋಡಿಸಿದರೆ ಸ್ವಿಚ್ಚು ಒತ್ತಿದೊಡನೆ ಡ್ರೈವರುಗಳು ಸುಟ್ಟುಹೋದಾವು. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವುದು ಪರ್ಯಾಯ ಪ್ರವಾಹದ ಪರಿಣಾಮಕ ಮೌಲ್ಯ; ಅಲೆಯ ಶಿಖರ ಅದರ 1.414ರಷ್ಟು. ನಾಲ್ಕು ಡಯೋಡುಗಳ ಮೂಲಕ ಕೆಪಾಸಿಟರು ತುಂಬಿಕೊಳ್ಳುವುದು ಈ ಶಿಖರದವರೆಗೆ. 36ಕ್ಕೆ ಶಿಖರ 51. ಡಯೋಡುಗಳಲ್ಲಿ ಸುಮಾರು 2 ಕಳೆದರೂ 49 ವೋಲ್ಟು ಉಳಿಯಿತು!

24 ವೋಲ್ಟಿನದಾದರೆ ಇದೇ ಲೆಕ್ಕದಲ್ಲಿ 32 ದೊರೆಯುತ್ತದೆ. ಇಷ್ಟಕ್ಕೇ ನಾವು ನಿಶ್ಚಿಂತರಾಗಕೂಡದು. ಹೊರೆಯಿಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರು ಶೇಕಡ 10ರಷ್ಟು ಹೆಚ್ಚು ಕೊಡಬಹುದು. ಮನೆಯ ವಿದ್ಯುತ್ತೂ ಅಷ್ಟೇ ಏರಿದ್ದರೆ 39 ವೋಲ್ಟಾಯಿತು. ಓಡುತ್ತಿರುವ ಮೋಟಾರನ್ನು ಥಟ್ಟನೆ ನಿಲ್ಲಿಸಿದಾಗ ಅದು ಕ್ಷಣಕಾಲ ಜನರೇಟರಿನಂತೆ ವರ್ತಿಸಿ, ಕೆಪಾಸಿಟರಿನ ವೋಲ್ಟೇಜನ್ನು ಇನ್ನಷ್ಟು ಏರಿಸುವುದುಂಟು. 20 ವೋಲ್ಟಿನದನ್ನು ಆರಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ. ವೇಗ ತುಸು ಕಡಿಮೆಯಾದೀತು, ಅಷ್ಟೆ.

ಇನ್ನು ಪ್ರವಾಹ. ಡ್ರೈವರು ವೋಲ್ಟೇಜನ್ನು ತುಂಡುತುಂಡಾಗಿ ಕೊಡುವುದರಿಂದ, ಸುರುಳಿಯಲ್ಲಿ ಹರಿಯುವಷ್ಟು ಪ್ರವಾಹವನ್ನು ಮೂಲದಿಂದ ಎಳೆಯುವುದಿಲ್ಲ. ಮೋಟಾರಿನ ಮೇಲೆ ಬರೆದ ಪ್ರವಾಹದ ಮೂರರಲ್ಲಿ ಎರಡು ಪಾಲು ಹಿಡಿದರೆ ಸಾಮಾನ್ಯವಾಗಿ ಸಾಕು: ಮೂರಕ್ಕೂ ಸೇರಿ 4 ಆಂಪಿಯರ್.

ಹಾಗಾದರೆ 20 × 4, ಅಂದರೆ 80 ವೋಲ್ಟ್-ಆಂಪಿಯರ್ ಸಾಕೇ? ಸಾಲದು. ಡಯೋಡುಗಳು ಅಲೆಯ ನೆತ್ತಿಯಲ್ಲಿ ಮಾತ್ರ ತೆರೆಯುವುದರಿಂದ ಪ್ರವಾಹವು ಮೊನಚಾದ ಮಿಡಿತಗಳಾಗಿ ಹರಿಯುತ್ತದೆ. ತಂತಿಯ ಬಿಸಿ ಪ್ರವಾಹದ ವರ್ಗವನ್ನು ಅನುಸರಿಸುವುದಷ್ಟೆ. ಸರಾಸರಿ ಒಂದೇ ಆದರೂ ಮಿಡಿತಗಳು ಹೆಚ್ಚು ಕಾಯಿಸುತ್ತವೆ. ಆದ್ದರಿಂದ 4ನ್ನು 0.62ರಿಂದ ಭಾಗಿಸುವ ರೂಢಿ: ಸುಮಾರು 6.5 ಆಂಪಿಯರ್, ಅಂದರೆ 130 ವೋಲ್ಟ್-ಆಂಪಿಯರ್. 150ರದನ್ನು ಕೊಳ್ಳಬಹುದು. ‘ದೊಡ್ಡದಾದರೆ ಕೆಡುಕಿಲ್ಲ’ ಎಂಬ ಅಂಗಡಿಯ ಮಾತು ಆಂಪಿಯರಿಗೆ ಸಲ್ಲುತ್ತದೆ, ವೋಲ್ಟಿಗೆ ಸಲ್ಲದು.

ಬಳೆಯಾಕಾರದ ತಿರುಳಿನ ಟ್ರಾನ್ಸ್‌ಫಾರ್ಮರು ಸ್ವಿಚ್ಚು ಹಾಕಿದ ಕ್ಷಣದಲ್ಲಿ ಭಾರಿ ಪ್ರವಾಹವನ್ನು ಎಳೆಯುವುದರಿಂದ, 230 ವೋಲ್ಟಿನ ಬದಿಗೆ ತಡವಾಗಿ ಕರಗುವ ಫ್ಯೂಸನ್ನೇ ಹಾಕತಕ್ಕದ್ದು. ಯಂತ್ರದ ಲೋಹದ ಚೌಕಟ್ಟಿಗೆ ಭೂಸಂಪರ್ಕವನ್ನು ಮರೆಯಬಾರದು.