ಎರಡು ಹನಿಗಾಗಿ ನಿಂತ ಯುದ್ಧ

ಹತ್ತು ತಿಂಗಳ ಗಂಡು ಮಗು. ಚೆನ್ನಾಗಿ ಅಂಬೆಗಾಲಿಡುತ್ತಿದ್ದ ಅದು ಜ್ವರ, ವಾಂತಿಯಿಂದ ಮಲಗಿತು. ಜ್ವರ ಇಳಿದರೂ ಎಡಗಾಲು ಮಾತ್ರ ಆಡಲಿಲ್ಲ. 2024ರ ಆಗಸ್ಟ್‌ನಲ್ಲಿ ಪ್ರಯೋಗಾಲಯದ ವರದಿ ಬಂತು. ಅದು ಪೋಲಿಯೊ. ಗಾಜಾ ಪಟ್ಟಿಯಲ್ಲಿ 25 ವರ್ಷಗಳ ನಂತರ ಕಂಡ ಮೊದಲ ಪ್ರಕರಣ. ಯುದ್ಧ ಆರಂಭವಾಗುವ ಹೊತ್ತಿಗೆ ಆಗಷ್ಟೇ ಹುಟ್ಟಿದ್ದ ಆ ಮಗುವಿಗೆ ಕಾಲಕಾಲಕ್ಕೆ ಸಿಗಬೇಕಾಗಿದ್ದ ಲಸಿಕೆ ಸಿಕ್ಕಿರಲಿಲ್ಲ.

ಇಸ್ರೇಲಿಗಳ ಮತ್ತು ಪ್ಯಾಲೆಸ್ಟೀನಿಯರ ಜಗಳಕ್ಕೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡುವುದು ವೈದ್ಯನ ಕೆಲಸವಲ್ಲ. ಆದರೆ ಯುದ್ಧ ಮನುಷ್ಯನ ದೇಹಕ್ಕೆ ಏನು ಮಾಡುತ್ತದೆ ಎಂದು ಹೇಳುವುದು ಖಂಡಿತ ಅವನ ಕೆಲಸ. ಗುಂಡು ತಗುಲಿದ ಗಾಯ ಎಲ್ಲರಿಗೂ ಕಾಣುತ್ತದೆ. ಗುಂಡು ತಗುಲದೆಯೇ ಸ್ವಾಧೀನ ತಪ್ಪಿದ ಈ ಪುಟ್ಟ ಕಾಲಿನ ಕಥೆಯನ್ನು ಬಿಡಿಸಿ ಹೇಳಬೇಕಾಗುತ್ತದೆ.

ಜಗಳದ ಹಿನ್ನೆಲೆ

ಮೊದಲ ಮಹಾಯುದ್ಧದವರೆಗೆ ಪ್ಯಾಲೆಸ್ಟೀನ್ ತುರ್ಕರ ಆಟೋಮನ್ ಸಾಮ್ರಾಜ್ಯಕ್ಕೆ ಸೇರಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ಕುದುರೆ ಸವಾರರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಆಮೇಲೆ ಆ ನಾಡು ಬ್ರಿಟಿಷರ ಕೈಗೆ ಬಂತು. ಅಲ್ಲಿ ಯಹೂದಿಗಳಿಗೆ ನೆಲೆ ಒದಗಿಸಲು ಬೆಂಬಲ ನೀಡುವುದಾಗಿ ಬ್ರಿಟನ್ 1917ರಲ್ಲೇ ಘೋಷಿಸಿತ್ತು. ತಲೆತಲಾಂತರದಿಂದ ಅಲ್ಲಿಯೇ ಬಾಳಿದ್ದ ಅರಬರು ಇದನ್ನು ಒಪ್ಪಲಿಲ್ಲ. ಇತ್ತ ಯೂರೋಪಿನಲ್ಲಿ ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದುಹಾಕಿತು. ಅಳಿದುಳಿದವರಿಗೆ ತಮ್ಮದೇ ದೇಶವೊಂದು ಪ್ರಾಣರಕ್ಷಣೆಯ ಪ್ರಶ್ನೆಯಾಯಿತು.

1947ರಲ್ಲಿ ವಿಶ್ವಸಂಸ್ಥೆ ಆ ನಾಡನ್ನು ಎರಡಾಗಿ ಹಂಚುವ ನಿರ್ಣಯ ಮಾಡಿತು. ಯಹೂದಿ ನಾಯಕರು ಒಪ್ಪಿದರು, ಅರಬರು ಒಪ್ಪಲಿಲ್ಲ. 1948ರ ಮೇ 14ರಂದು ಇಸ್ರೇಲ್ ಹುಟ್ಟಿತು. ಮರುದಿನವೇ ನೆರೆಯ ಅರಬ್ ದೇಶಗಳು ಯುದ್ಧಕ್ಕೆ ಬಂದವು. ಆ ಹೋರಾಟದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಅವರಲ್ಲಿ ಅನೇಕರು ಬಂದು ಸೇರಿದ್ದು ಗಾಜಾಕ್ಕೆ. 1967ರ ಯುದ್ಧದಲ್ಲಿ ಗಾಜಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್ ಇಸ್ರೇಲಿನ ವಶವಾದವು. 1993ರ ಓಸ್ಲೋ ಒಪ್ಪಂದ ಹುಟ್ಟಿಸಿದ ಆಸೆ ಕೆಲವೇ ವರ್ಷಗಳಲ್ಲಿ ಬಾಡಿತು. 2005ರಲ್ಲಿ ಇಸ್ರೇಲ್ ಗಾಜಾದೊಳಗಿನ ತನ್ನ ಸೈನಿಕರನ್ನೂ ವಸತಿಗಳನ್ನೂ ತೆರವು ಮಾಡಿತು. 2007ರಲ್ಲಿ ಹಮಾಸ್ ಗಾಜಾದ ಆಡಳಿತ ಹಿಡಿದ ಮೇಲೆ ಗಡಿಗಳು ಬಿಗಿಯಾಗಿ ಮುಚ್ಚಿದವು. ಸುಮಾರು 365 ಚದರ ಕಿಲೋಮೀಟರ್ ಜಾಗ. ಅದರಲ್ಲಿ 20 ಲಕ್ಷಕ್ಕೂ ಹೆಚ್ಚು ಜನ.

ಎರಡೂ ಕಡೆಯ ನೋವು

2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಗಾರರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ನಾಗರಿಕರು. 251 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದರು. ಪ್ರತಿಯಾಗಿ ಇಸ್ರೇಲ್ ಗಾಜಾದ ಮೇಲೆ ಯುದ್ಧ ಸಾರಿತು. 2025ರ ಅಕ್ಟೋಬರ್ 10ರಂದು ಕದನ ವಿರಾಮ ಜಾರಿಗೆ ಬರುವ ಹೊತ್ತಿಗೆ ಗಾಜಾದಲ್ಲಿ ಸತ್ತವರ ಸಂಖ್ಯೆ, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ, 67 ಸಾವಿರ ದಾಟಿತ್ತು. ಈ ಲೆಕ್ಕ ಹೋರಾಟಗಾರರನ್ನೂ ನಾಗರಿಕರನ್ನೂ ಬೇರೆಬೇರೆ ಮಾಡಿ ಹೇಳುವುದಿಲ್ಲ. ಆದರೆ ಸತ್ತವರಲ್ಲಿ ಮಕ್ಕಳೇ ಸಾವಿರಾರು.

ಲೆಕ್ಕಕ್ಕೆ ಸಿಗದ ನೋವೂ ಉಂಟು. ಗಾಜಾದ ಬೇಲಿಗೆ ಹತ್ತಿರದ ಇಸ್ರೇಲಿ ಪಟ್ಟಣ ಸ್ಡೆರೋಟ್‌ನಲ್ಲಿ ರಾಕೆಟ್‌ನ ಸೈರನ್ ಕೂಗಿದರೆ ಅಡಗುತಾಣ ಸೇರಲು ಜನರಿಗೆ ಇರುವುದು ಸುಮಾರು ಹದಿನೈದು ಸೆಕೆಂಡು. ಹಾಗೆ ಓಡಿ ಬೆಳೆದ ಮಗುವೂ, ಆಕಾಶದಲ್ಲಿ ವಿಮಾನದ ಸದ್ದು ಕೇಳಿ ತಾಯಿಯನ್ನು ತಬ್ಬಿಕೊಳ್ಳುವ ಗಾಜಾದ ಮಗುವೂ ರಾತ್ರಿ ಬೆಚ್ಚಿ ಏಳುತ್ತವೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತವೆ, ಮಾತು ಕಡಿಮೆ ಮಾಡುತ್ತವೆ. ಭಯದಿಂದ ಬರುವ ಈ ಲಕ್ಷಣಗಳು ಎಲ್ಲ ಮಕ್ಕಳಲ್ಲೂ ಒಂದೇ. ಇಸ್ರೇಲಿನಲ್ಲಿ ವೃದ್ಧರ ಶುಶ್ರೂಷೆ ಮಾಡುತ್ತಿರುವ ನಮ್ಮ ಕರಾವಳಿಯ ಅನೇಕರಿಗೂ, ಊರಿನಲ್ಲಿ ಫೋನಿಗಾಗಿ ಕಾದು ಕುಳಿತ ಅವರ ಮನೆಯವರಿಗೂ ಈ ಭಯದ ಪಾಲು ಸಿಕ್ಕಿದೆ.

ಪೋಲಿಯೊ ಮರಳಿದ್ದು ಹೇಗೆ?

ಯುದ್ಧಕ್ಕೆ ಮುಂಚೆ ಗಾಜಾ ಬಡ ಪ್ರದೇಶವಾಗಿದ್ದರೂ ಲಸಿಕೆಯ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 2022ರಲ್ಲಿ ಅಲ್ಲಿನ ನೂರಕ್ಕೆ 99 ಮಕ್ಕಳಿಗೆ ಪೋಲಿಯೊ ಲಸಿಕೆ ಸಿಕ್ಕಿತ್ತು. ಯುದ್ಧ ಬಂದ ಮೇಲೆ ಈ ಪ್ರಮಾಣ ಶೇಕಡ 90ಕ್ಕಿಂತ ಕೆಳಗಿಳಿಯಿತು. ಹತ್ತರಲ್ಲಿ ಒಂಬತ್ತು ಜನ ಮನೆ ಬಿಟ್ಟು ಓಡಬೇಕಾಯಿತು. ಗಾಜಾದ 36 ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು ಮುಚ್ಚಿದವು. ಕೊಳಚೆ ನೀರು ಶುದ್ಧೀಕರಿಸುವ ಘಟಕಗಳು ಕೆಲಸ ನಿಲ್ಲಿಸಿದವು. ಡೇರೆಗಳ ನಡುವೆಯೇ ಕೊಳಚೆ ಹರಿಯತೊಡಗಿತು.

ಪೋಲಿಯೊ ವೈರಾಣು ಮಲದ ಮೂಲಕ ಹೊರಬಂದು ನೀರು, ಆಹಾರ, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತದೆ. ಸೋಂಕು ತಗುಲಿದ ನೂರಾರು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಬೀಳುತ್ತದೆ. ಉಳಿದವರಿಗೆ ಸಣ್ಣ ಜ್ವರ, ಅಥವಾ ಏನೂ ಇಲ್ಲ. ಹಾಗಾಗಿ ಒಂದು ಮಗುವಿನ ಕಾಲು ಬಿದ್ದಿದೆ ಎಂದರೆ ವೈರಾಣು ಆಗಲೇ ನೂರಾರು ಮಕ್ಕಳನ್ನು ಹಾದು ಬಂದಿದೆ ಎಂದರ್ಥ.

ಗಾಜಾದಲ್ಲಿ ಸಿಕ್ಕಿದ್ದು ಎರಡನೇ ಬಗೆಯ, ಲಸಿಕೆಯಿಂದ ಹುಟ್ಟಿದ ವೈರಾಣು. ಇದನ್ನು ಕೇಳಿ ಗಾಬರಿಯಾಗಬೇಡಿ. ಬಾಯಿಗೆ ಹಾಕುವ ಹನಿಯಲ್ಲಿ ಶಕ್ತಿಗುಂದಿಸಿದ ಜೀವಂತ ವೈರಾಣು ಇರುತ್ತದೆ. ಊರಿನ ಎಲ್ಲ ಮಕ್ಕಳಿಗೂ ಲಸಿಕೆ ಆಗಿದ್ದರೆ ಅದು ಅಲ್ಲಿಗೇ ಸಾಯುತ್ತದೆ. ಲಸಿಕೆ ಇಲ್ಲದ ಮಕ್ಕಳು ಬಹಳ ಇದ್ದು, ಸುತ್ತ ಕೊಳಚೆಯೂ ಇದ್ದರೆ ಮಗುವಿನಿಂದ ಮಗುವಿಗೆ ದಾಟುತ್ತ, ತಿಂಗಳುಗಟ್ಟಲೆ ರೂಪ ಬದಲಿಸುತ್ತ, ಕಳೆದುಕೊಂಡ ಕೆಡುಕಿನ ಶಕ್ತಿಯನ್ನು ಮತ್ತೆ ಗಳಿಸುತ್ತದೆ. ಇಲ್ಲಿ ದೋಷ ಹನಿಯದಲ್ಲ. ಹನಿ ಎಲ್ಲರಿಗೂ ತಲುಪದೇ ಹೋದದ್ದು.

ಬೇಲಿ ತಿಳಿಯದ ವೈರಾಣು

2013ರಲ್ಲಿ ದಕ್ಷಿಣ ಇಸ್ರೇಲಿನ ಚರಂಡಿ ನೀರಿನಲ್ಲಿ ಪೋಲಿಯೊ ವೈರಾಣು ಸಿಕ್ಕಿತ್ತು. ಅದೇ ವೈರಾಣು ಗಾಜಾ, ಪಶ್ಚಿಮ ದಂಡೆಯ ಚರಂಡಿಗಳಲ್ಲೂ ಕಂಡಿತು. ಇಸ್ರೇಲ್ ಲಕ್ಷಾಂತರ ಮಕ್ಕಳಿಗೆ ಹನಿ ಹಾಕಿಸಿತು. ಆ ಬಾರಿ ಯಾವ ಮಗುವಿನ ಕಾಲೂ ಬೀಳಲಿಲ್ಲ. 2024ರ ಜುಲೈನಲ್ಲಿ ಗಾಜಾದ ಕೊಳಚೆಯಲ್ಲಿ ವೈರಾಣು ಪತ್ತೆಯಾದಾಗ ಇಸ್ರೇಲಿ ಸೇನೆ ಅಲ್ಲಿದ್ದ ತನ್ನ ಸೈನಿಕರಿಗೆ ಪೋಲಿಯೊ ಲಸಿಕೆ ಕೊಡಲು ತೀರ್ಮಾನಿಸಿತು. ಗೋಡೆ, ತಂತಿಬೇಲಿ, ತಪಾಸಣೆ ಠಾಣೆಗಳಿಂದ ಮನುಷ್ಯರನ್ನು ತಡೆಯಬಹುದು. ನೀರನ್ನು, ರೋಗಾಣುವನ್ನು ತಡೆಯಲು ಆಗುವುದಿಲ್ಲ.

ಕೆಲವು ಗಂಟೆಗಳ ಶಾಂತಿ

ಮುಂದೆ ನಡೆದದ್ದು ನನ್ನಂಥ ವೈದ್ಯರಿಗೆ ಮರೆಯಲಾಗದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ ಎರಡೂ ಕಡೆಯವರನ್ನು ಒಪ್ಪಿಸಿತು. 2024ರ ಸೆಪ್ಟೆಂಬರ್ 1ರಿಂದ, ಒಂದೊಂದು ಪ್ರದೇಶದಲ್ಲಿ ಒಂದೊಂದು ಸರದಿ, ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಕಾದಾಟ ನಿಲ್ಲಬೇಕೆಂದು ಮಾತಾಯಿತು. ಎರಡು ಸಾವಿರಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು ಐಸ್ ಪೆಟ್ಟಿಗೆ ಹಿಡಿದು ಹೊರಟರು. ತಂದೆತಾಯಿಗಳು ಡೇರೆಗಳಿಂದ ಮಕ್ಕಳನ್ನು ಎತ್ತಿಕೊಂಡು ಬಂದು ಸಾಲಿನಲ್ಲಿ ನಿಂತರು. ಬಾಯಿಗೆ ಎರಡು ಹನಿ, ಬೆರಳಿಗೆ ಶಾಯಿಯ ಗುರುತು, ನಮ್ಮಲ್ಲಿ ಮಾಡುವಂತೆಯೇ. ಮೊದಲ ಸುತ್ತಿನಲ್ಲಿ ಹತ್ತು ವರ್ಷದೊಳಗಿನ ಸುಮಾರು 5 ಲಕ್ಷ 60 ಸಾವಿರ ಮಕ್ಕಳಿಗೆ ಹನಿ ಸಿಕ್ಕಿತು. ಉಳಿದ ಹೊತ್ತಿನಲ್ಲಿ, ಉಳಿದ ಜಾಗಗಳಲ್ಲಿ ಬಾಂಬು ಬೀಳುತ್ತಲೇ ಇತ್ತು. ಎರಡನೇ ಸುತ್ತಿನಲ್ಲಿ ಉತ್ತರ ಗಾಜಾದ ಸಾವಿರಾರು ಮಕ್ಕಳನ್ನು ತಲುಪಲು ಆಗಲಿಲ್ಲ. 2025ರ ಫೆಬ್ರವರಿಯಲ್ಲಿ, ಆಗಿನ ಕದನ ವಿರಾಮದ ದಿನಗಳಲ್ಲಿ ನಡೆದ ಮೂರನೇ ಸುತ್ತು ಸುಮಾರು ಆರು ಲಕ್ಷ ಮಕ್ಕಳನ್ನು ಮುಟ್ಟಿತು.

ಇದರಿಂದ ಒಂದು ಮಾತು ಸ್ಪಷ್ಟ. ಮನಸ್ಸು ಮಾಡಿದರೆ ಬಂದೂಕು ನಿಲ್ಲಿಸಬಹುದು. ಪೋಲಿಯೊ ಹನಿಗಾಗಿ ಕೆಲವು ಗಂಟೆ ನಿಂತದ್ದು ಅನ್ನ, ನೀರು, ಹೆರಿಗೆ, ಡಯಾಲಿಸಿಸ್, ಇನ್ಸುಲಿನ್‌ಗಾಗಿಯೂ ನಿಲ್ಲಬಹುದಿತ್ತು. ಹಾಗೆ ಆಗಲಿಲ್ಲ. 2025ರ ಆಗಸ್ಟ್‌ನಲ್ಲಿ, ವಿಶ್ವಸಂಸ್ಥೆಯೂ ಮಾನ್ಯ ಮಾಡಿರುವ ಆಹಾರ ಪರಿಶೀಲನಾ ತಜ್ಞರು ಗಾಜಾ ನಗರ ಪ್ರದೇಶದಲ್ಲಿ ಕ್ಷಾಮವಿದೆ ಎಂದು ಪ್ರಕಟಿಸಿದರು; ಇಸ್ರೇಲ್ ಅದನ್ನು ಅಲ್ಲಗಳೆಯಿತು. ಆದರೆ ಹಸಿದ ಮಗುವಿನ ತೋಳಿನ ಅಳತೆ ಯಾರ ವಾದವನ್ನೂ ಕೇಳುವುದಿಲ್ಲ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಬರುವ ಸಹಪಾಠಿಯೊಬ್ಬನಿದ್ದ. ಆಟದ ಪೀರಿಯಡ್‌ನಲ್ಲಿ ನಮ್ಮೆಲ್ಲರ ಚಪ್ಪಲಿ ಕಾಯುತ್ತ ಕೂರುತ್ತಿದ್ದ. ಇಂದಿನ ಮಕ್ಕಳು ಅಂಥ ಗೆಳೆಯನನ್ನು ಕಂಡಿಲ್ಲ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ, ಮನೆಮನೆಗೆ ನಡೆದ ಕಾರ್ಯಕರ್ತೆಯರು, ಇದೆಲ್ಲದರ ಫಲವಾಗಿ 2014ರಲ್ಲಿ ನಮ್ಮ ದೇಶಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅದು ಸಾಧ್ಯವಾದದ್ದು ಆ ಹೆಂಗಸರು ಯಾವ ಬೀದಿಗಾದರೂ ಅಂಜದೆ ನಡೆದು ಹೋಗುವಷ್ಟು ಶಾಂತಿ ನಮ್ಮಲ್ಲಿ ಇದ್ದುದರಿಂದ. ಶಾಂತಿಯೂ ಒಂದು ಲಸಿಕೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

“ಪೋಲಿಯೊ ಹೋಯಿತಲ್ಲ ಡಾಕ್ಟ್ರೇ, ಇನ್ನೂ ಹನಿ ಯಾಕೆ?” ಎಂದು ಕೇಳುವ ಅಜ್ಜಿಯರಿಗೆ ಈಗ ನಾನು ಗಾಜಾದ ಆ ಮಗುವಿನ ಕಥೆ ಹೇಳುತ್ತೇನೆ. ಇಪ್ಪತ್ತೈದು ವರ್ಷ ದೂರವಿದ್ದ ರೋಗ ಹಿಂದಿರುಗಲು ಹತ್ತು ತಿಂಗಳು ಸಾಕಾಯಿತು. ಈ ವಾರ ಮನೆಯಲ್ಲಿರುವ ತಾಯಿ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಹನಿಯಾಗಲಿ ಚುಚ್ಚುಮದ್ದಾಗಲಿ ತಪ್ಪಿಹೋಗಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಮಗುವನ್ನು ಕರೆದೊಯ್ಯಿರಿ. ಅಲ್ಲಿಗೆ ಹೋಗಲು ನೀವು ಯಾರ ಕದನ ವಿರಾಮಕ್ಕೂ ಕಾಯಬೇಕಾಗಿಲ್ಲ.