ಬಂತಲ್ಲ, ಬಂದರು

ಹ್ಯಾರೋದ ನಮ್ಮ ಮನೆಯ ಬೆಲ್ ಆದರೆ ಮಗಳು ‘ಡೆಲಿವರಿ ಬಂತು’ ಎನ್ನುತ್ತಾಳೆ. ಊರಿಂದ ಬಂದಿದ್ದ ಅಪ್ಪ ತಿದ್ದಿದರು: ‘ಬಂತಲ್ಲ, ಬಂದರು.’

ಅದೇ ಅಪ್ಪ ಊಟಕ್ಕೆ ಕೂತಾಗ ಗೊಣಗಿದ್ದು: ‘ಈಗಿನ ಹುಡುಗರಿಗೆ ನಿಯತ್ತಿಲ್ಲ, ಪೊಟ್ಟಣ ಇಟ್ಟು ಓಡ್ತಾರೆ. ನಮ್ಮ ಪೋಸ್ಟ್‌ಮ್ಯಾನ್ ಕಾಗದ ಓದಿ ಹೇಳಿ ಹೋಗ್ತಿದ್ದ.’ ನಿಜವೇ. ಆದರೆ ಆತನಿಗೆ ತಿಂಗಳ ಸಂಬಳವಿತ್ತು. ಇಲ್ಲಿ ಎಷ್ಟೋ ಜನರಿಗೆ ಬಾಗಿಲಿಗಿಷ್ಟು ಎಂದು ದುಡ್ಡು. ನಿಂತು ಮಾತಾಡಿದರೆ ನಷ್ಟ. 2021ರಲ್ಲಿ ಊಬರ್ ಚಾಲಕರು ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಕನಿಷ್ಠ ವೇತನ, ರಜೆಯ ಹಕ್ಕು ಪಡೆದರು. 2023ರ ನವೆಂಬರಿನಲ್ಲಿ ಡೆಲಿವರೂ ಸವಾರರು ಯೂನಿಯನ್ ಹಕ್ಕಿನ ಮೊಕದ್ದಮೆ ಸೋತರು. ತಮ್ಮ ಬದಲಿಗೆ ಬೇರೆಯವರನ್ನು ಕಳಿಸಬಹುದಲ್ಲ, ಅದೇ ಮುಖ್ಯ ಕಾರಣ. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ‘ಹೂಂ’ ಅಂದರು, ಅಷ್ಟೇ.

ಮರುದಿನ ಕಿಟಕಿಯಿಂದ ಮಗಳ ಕೂಗು: ‘ಅಜ್ಜಾ, ಡೆಲಿವರಿ ಬಂದರು! ಓಡಿಹೋದರು!’