ರಾಗಿ ಹೊಲದಡಿಯ ಜ್ವಾಲಾಮುಖಿ

1996ರ ಸೆಪ್ಟೆಂಬರ್ ಕೊನೆಯಲ್ಲಿ ಐಸ್‌ಲ್ಯಾಂಡಿನ ವಾತ್ನಾಯೋಕುಟ್ಲ್ ಹಿಮನದಿಯಡಿ ಜ್ವಾಲಾಮುಖಿಯೊಂದು ಬಾಯಿಬಿಟ್ಟಿತು. ಮೇಲೆ 500 ಮೀಟರಿಗೂ ದಪ್ಪ ಹಿಮ. ಒಂದು ದಿನಕ್ಕೂ ಹೆಚ್ಚು ಕಾಲ ಒಳಗೊಳಗೇ ಹಿಮ ಕರಗಿಸಿ, ಆಮೇಲಷ್ಟೇ ಬೂದಿ ಉಗುಳಿತು. ಕರಗಿದ ನೀರು ಹಿಮದಡಿಯ ಸರೋವರದಲ್ಲಿ ತುಂಬಿ ತುಂಬಿ, ನವೆಂಬರ್ 5ರಂದು ಒಮ್ಮೆಲೇ ನುಗ್ಗಿ ಹೆದ್ದಾರಿಯ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು.

ಹಾಸನ ಸೀಮೆಯಲ್ಲಿ ಹಿಮನದಿ ಇಲ್ಲ. ಆದರೆ ಇಲ್ಲಿಯೂ ಜ್ವಾಲಾಮುಖಿಯ ಕಾಲದ ಕಲ್ಲು ಅಡಗಿದೆ, ರಾಗಿ ಹೊಲ, ತೆಂಗಿನ ತೋಟಗಳ ಅಡಿಯಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ, ಬೈರಾಪುರದ ಕಡೆ ಅಂಥ ಕಲ್ಲಿನ ಒಂದು ಸಾಲು. ಹೊಳೆನರಸೀಪುರದ ಸುತ್ತ ಇನ್ನೊಂದು. ಬೆಂಕಿ ಆರಿ 300 ಕೋಟಿ ವರ್ಷಕ್ಕೂ ಮೇಲಾಯಿತು. ಬೆಟ್ಟ ಸವೆದುಹೋಗಿದೆ. ಉಳಿದದ್ದು ಲಾವಾ, ಮತ್ತು ಹೊರಬರದೆ ಒಳಗೇ ಹೆಪ್ಪುಗಟ್ಟಿದ ಶಿಲಾರಸ.

ಆ ಲಾವಾ ಸಾಮಾನ್ಯದ್ದಲ್ಲ. ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ಹೆಸರಿನಿಂದ ಅದನ್ನು ಕೊಮಾಟಿಯೈಟ್ ಎನ್ನುತ್ತಾರೆ. ಹವಾಯಿಯಲ್ಲಿ ಇಂದು ಉಕ್ಕುವ ಲಾವಾ ಸುಮಾರು 1,200 ಡಿಗ್ರಿ ಸೆಲ್ಸಿಯಸ್. ಇದು ಸುಮಾರು 1,600. ಭೂಮಿಯ ಒಡಲು ಆಗ ಅಷ್ಟು ಕುದಿಯುತ್ತಿತ್ತು. ಇಂಥ ಲಾವಾ ಈಗ ಎಲ್ಲೂ ಉಕ್ಕುವುದಿಲ್ಲ.

ಲಾವಾ ನೀರಿನೊಳಗೆ ಉಕ್ಕಿದಾಗ, ನೀರು ಸೋಕಿದ ಅದರ ಮೈ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಒಳಗಿನ ರಸ ಆ ಸಿಪ್ಪೆ ಒಡೆದು ಪಕ್ಕಕ್ಕೆ ಉಬ್ಬುತ್ತದೆ. ಹೀಗೆ ದಿಂಬಿನ ಮೇಲೆ ದಿಂಬು. ಹಿಮದಡಿಯ ನೀರಿನಲ್ಲೂ ಹೀಗೆಯೇ, ಕಡಲ ತಳದಲ್ಲೂ ಹೀಗೆಯೇ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂಥ ಕಲ್ಲುದಿಂಬುಗಳನ್ನು ಕಣ್ಣಾರೆ ಕಾಣಬಹುದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಾಸನ ಸೀಮೆಯ ಆ ಹಳೆಯ ಕಲ್ಲು ಕಾವು, ಒತ್ತಡ, ನೀರಿಗೆ ಸಿಕ್ಕಿ ಎಷ್ಟೋ ಕಡೆ ಬಳಪದ ಕಲ್ಲಾಗಿದೆ. ಉಗುರಿನಿಂದ ಕೆರೆದರೆ ಗೆರೆ ಬೀಳುತ್ತದೆ. ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ. ಹೊಯ್ಸಳ ಶಿಲ್ಪಿಗಳ ಉಳಿಗೆ ಒಲಿದದ್ದು ಇಂಥದೇ ಮೆತ್ತನೆಯ ಕಲ್ಲು. 1246ರಲ್ಲಿ ಕಟ್ಟಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಶಿಲ್ಪಗಳ ಆಭರಣಗಳ ಒಂದೊಂದು ಮಣಿಯನ್ನೂ ನೋಡಿ, ಗಟ್ಟಿ ಕಲ್ಲಿನಲ್ಲಿ ಆ ಕೆಲಸ ಬಲು ಕಷ್ಟ. ಬೈರಾಪುರದ ಗಣಿಯಿಂದ ತೆಗೆದ ಕ್ರೋಮೈಟ್ ಎಂಬ ಅದಿರು ಕೂಡ ನೆಲದೊಳಗೇ ಹೆಪ್ಪುಗಟ್ಟಿದ ಆ ಶಿಲಾರಸದ ತಳದಲ್ಲಿ ಕೂಡಿಕೊಂಡ ಹರಳೇ.

ಹೊಲ ಉಳುವಾಗ, ಬಾವಿ ತೋಡುವಾಗ ಹಸಿರು ಛಾಯೆಯ, ಕೈಗೆ ಜಾರುವ ಕಲ್ಲು ಸಿಕ್ಕಿದರೆ ಬದುವಿಗೆ ಎಸೆಯಬೇಡಿ. ಒಂದು ತುಂಡನ್ನು ಊರಿನ ಶಾಲೆಗೆ ಕೊಡಿ, ಮಕ್ಕಳು ಮುಟ್ಟಿ ನೋಡಲಿ.